ಮಂಗಳವಾರದ ರಕ್ತನಾಳ

ಇಪ್ಪತ್ತೈದು ವರ್ಷ ನನ್ನ ಅಂಗಿಯ ಬಲತೋಳಿನಲ್ಲಿ ಮಸಿ ಇಲ್ಲದ ದಿನವೇ ಇರಲಿಲ್ಲ. ನನ್ನ ಹೆಂಡತಿ ಬಟ್ಟೆ ಒಗೆಯುವಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ನೀವು ಕಾಲೇಜಿಗೆ ಹೋಗ್ತೀರೋ, ಕುಲುಮೆಗೆ ಹೋಗ್ತೀರೋ?" ಎರಡಕ್ಕೂ ಹೌದು ಎನ್ನಬಹುದಿತ್ತು. ಚಳ್ಳಕೆರೆಯ ಊರಾಚೆ, ಶೇಂಗಾ ಹೊಲಗಳ ಮಗ್ಗುಲಲ್ಲಿದ್ದ ಒಂದು ಸಣ್ಣ ಫಾರ್ಮಸಿ ಕಾಲೇಜಿನಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಹೆಸರು ಪಾಲಯ್ಯ. ಊರು ಪರಶುರಾಂಪುರದ ಹತ್ತಿರ. ನಮ್ಮಪ್ಪ ಕುರಿ ಕಾಯುತ್ತಿದ್ದವರು. ನಾನು ಕುರಿಯ ರಕ್ತನಾಳ ಕಾಯುತ್ತಾ ನಿವೃತ್ತನಾದೆ.

ಈಗಲೂ ಅಲ್ಲಿಂದ ಫೋನ್ ಬರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಮಕ್ಕಳು, "ಅಣ್ಣಾ, ಈ ಕೆಲಸಕ್ಕೆ ಮುಖ್ಯವಾಗಿ ಏನು ಗೊತ್ತಿರಬೇಕು?" ಎಂದು ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಬರೆಯಲು ಕೂತೆ. ಯಾವಾಗ ಸೇರಿದೆ, ಯಾವಾಗ ಕಾಯಂ ಆದೆ ಎಂಬುದೆಲ್ಲ ಸರ್ವಿಸ್ ಪುಸ್ತಕದಲ್ಲಿದೆ, ಬೇಕಾದವರು ನೋಡಿಕೊಳ್ಳಲಿ. ಅದರಲ್ಲಿ ಇಲ್ಲದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಮೊದಲು ಮಸಿಯ ವಿಷಯ. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಕಂಪ್ಯೂಟರ್ ಇರಲಿಲ್ಲ. ಇದ್ದದ್ದು ಮೇಜಿಗೊಂದರಂತೆ ನಿಧಾನವಾಗಿ ತಿರುಗುವ ಡ್ರಮ್. ಅದಕ್ಕೆ ನುಣುಪು ಕಾಗದ ಅಂಟಿಸಿ, ಸೀಮೆಎಣ್ಣೆ ಬತ್ತಿಯ ಹೊಗೆಯ ಮೇಲೆ ತಿರುಗಿಸುತ್ತಾ ಕಪ್ಪಗೆ ಮಾಡಬೇಕು. ಮಸಿ ದಪ್ಪವಾದರೆ ಗೆರೆ ಕೊರೆಯುವ ಸೂಜಿ ಸಿಕ್ಕಿಕೊಳ್ಳುತ್ತದೆ, ತೆಳುವಾದರೆ ಗೆರೆ ಕಾಣುವುದಿಲ್ಲ. ಪ್ರಾಣಿಯ ಅಂಗದ ಒಂದು ತುಣುಕನ್ನು ಬೆಚ್ಚಗಿನ ಉಪ್ಪುನೀರಿನ ಗಾಜಿನ ಬಟ್ಟಲಿನಲ್ಲಿ ನೇತುಹಾಕಿ, ಅದರ ತುದಿಗೆ ದಾರ ಕಟ್ಟಿ, ದಾರವನ್ನು ಆ ಸೂಜಿ ಇರುವ ಕಡ್ಡಿಗೆ ಸೇರಿಸುತ್ತಿದ್ದೆವು. ತುಣುಕು ಬಿಗಿದುಕೊಂಡರೆ ಕಡ್ಡಿ ಮೇಲಕ್ಕೆ, ಸಡಿಲವಾದರೆ ಕೆಳಕ್ಕೆ. ಮಸಿಯ ಮೇಲೆ ಬಿಳಿ ಗೆರೆ ಮೂಡುತ್ತಿತ್ತು. ಕೊನೆಗೆ ಆ ಕಾಗದವನ್ನು ರಾಳ ಕರಗಿಸಿದ ಸ್ಪಿರಿಟ್ಟಿನಲ್ಲಿ ಅದ್ದಿ, ಹಗ್ಗದ ಮೇಲೆ ಒಣಹಾಕಿದರೆ ಗೆರೆ ಶಾಶ್ವತ.

ಅದ್ದುವ ಮುಂಚೆ ಅದು ಯಾವ ಗಳಿಗೆಯಲ್ಲಿ ಬೇಕಾದರೂ ಹೋಗಬಹುದು. ಸೇರಿದ ಹೊಸದರಲ್ಲಿ ಎರಡನೇ ವರ್ಷದವರ ಇಡೀ ಮಧ್ಯಾಹ್ನದ ಕೆಲಸವನ್ನು, ನಾಲ್ಕು ಡ್ರಮ್ಮುಗಳ ಗೆರೆಗಳನ್ನು, ನಾನು ಬೀರುವಿನಿಂದ ಏನೋ ತೆಗೆಯಲು ಹೋಗಿ ತೋಳಿನಿಂದ ಸವರಿಬಿಟ್ಟೆ. ಮಕ್ಕಳು ಅಳುವುದೊಂದೇ ಬಾಕಿ. ನಮ್ಮ ವಿಭಾಗದ ಮುಖ್ಯಸ್ಥರು ಕೇಶವಮೂರ್ತಿ ಸರ್, ಮೈಸೂರಿನ ಕಡೆಯವರು, ಬಿಳಿ ಅಂಗಿ ಬಿಟ್ಟು ಬೇರೆ ಬಣ್ಣ ತೊಟ್ಟವರಲ್ಲ. ಅವರು ನನ್ನ ತೋಳು ನೋಡಿದರು, ಡ್ರಮ್ ನೋಡಿದರು. "ಪಾಲಯ್ಯ, ವಾರ್ನಿಷ್ ಆಗೋ ತನಕ ಇಲ್ಲಿ ಬರೆದದ್ದು ಯಾರದ್ದೂ ಅಲ್ಲ. ಒರೆಸಿದ್ರೆ ಹೋಯ್ತು. ಇನ್ಮೇಲೆ ತೋಳು ಮಡಚ್ಕೊಂಡು ಓಡಾಡು" ಎಂದರು. ಬೈಗುಳ ಅಷ್ಟೇ. ಅಂದಿನಿಂದ ನಾನು ತೋಳು ಮಡಚಿದೆ. ಆದರೂ ಮಸಿ ಬಿಡಲಿಲ್ಲ.

ಕೇಶವಮೂರ್ತಿ ಸರ್ ಬಗ್ಗೆ ಇನ್ನೊಂದು ಮಾತು. ಅವರು ಕಠಿಣ ಮನುಷ್ಯ. ವಿದ್ಯಾರ್ಥಿ ದಡ್ಡನಾದರೆ ಕ್ಷಮಿಸುತ್ತಿದ್ದರು, ಸುಳ್ಳು ಫಲಿತಾಂಶ ಬರೆದರೆ ಕ್ಷಮಿಸುತ್ತಿರಲಿಲ್ಲ. ಅಂಥ ಒಬ್ಬನ ರೆಕಾರ್ಡ್ ಪುಸ್ತಕವನ್ನು ಎಲ್ಲರೆದುರು ಹರಿದುಹಾಕಿದ್ದನ್ನು ನಾನೇ ನೋಡಿದ್ದೆ. ಈ ಸಂಗತಿ ಮುಂದೆ ಬೇಕಾಗುತ್ತದೆ, ನೆನಪಿರಲಿ.

ಅವರ ಪಾಠಗಳಲ್ಲಿ ನನಗೆ ತುಂಬ ಇಷ್ಟವಾದದ್ದು ರಕ್ತನಾಳದ ಪಾಠ. ನಾನು ಹಿಂದೆ ನಿಂತು ಗಾಜಿನ ಸಾಮಾನು ಒರೆಸುತ್ತಾ ಪ್ರತಿ ವರ್ಷ ಕೇಳುತ್ತಿದ್ದೆ. "ರಕ್ತನಾಳ ಅಂದ್ರೆ ಬರೀ ಕೊಳವೆ ಅಂತ ತಿಳ್ಕೊಂಡಿದ್ದೀರಿ. ಅದರ ಗೋಡೆಯೊಳಗೆ ಸುತ್ತಲೂ ಸ್ನಾಯು ಇದೆ. ಸ್ನಾಯು ಬಿಗಿದ್ರೆ ನಾಳ ಕಿರಿದಾಗುತ್ತೆ, ರಕ್ತದ ಒತ್ತಡ ಏರುತ್ತೆ. ಸಡಿಲವಾದ್ರೆ ನಾಳ ಅಗಲವಾಗುತ್ತೆ. ಸರಿ, ಬಿಗಿ ಅಂತ, ಸಡಿಲ ಬಿಡು ಅಂತ ಸ್ನಾಯುಗೆ ಹೇಳೋರು ಯಾರು? ಹೇಳೋರು ಬಹಳ ಜನ ಇದ್ದಾರೆ. ಅದರಲ್ಲಿ ಒಬ್ಬರು ನಾಳದ ಒಳಗೇ ಕೂತಿದ್ದಾರೆ." ಹೀಗೆ ಹೇಳಿ ಬೋರ್ಡಿನ ಮೇಲೆ ಒಂದು ವೃತ್ತ ಬರೆದು, ಅದರ ಒಳಮೈಗೆ ಸಣ್ಣ ಚುಕ್ಕೆಗಳನ್ನು ಸಾಲಾಗಿ ಇಡುತ್ತಿದ್ದರು. ಆ ಚುಕ್ಕೆಗಳೇ ಒಳಪದರ. ಒಂದೇ ಸಾಲಿನ ಜೀವಕೋಶಗಳು, ಬರಿಗಣ್ಣಿಗೆ ಕಾಣುವುದಿಲ್ಲ. ನೆಲಕ್ಕೆ ಸಾರಿಸಿದ ಹಾಗೆ ಸುಮ್ಮನೆ ನುಣುಪಿಗಾಗಿ ಇರುವ ಪದರ ಎಂದೇ ಬಹಳ ಕಾಲ ಎಲ್ಲರೂ ತಿಳಿದಿದ್ದರಂತೆ. ಆಮೇಲೆ ಗೊತ್ತಾಯಿತು, ರಕ್ತದಲ್ಲಿ ಬರುವ ಸುದ್ದಿಯನ್ನು ಮೊದಲು ಕೇಳಿಸಿಕೊಳ್ಳುವುದು ಅದೇ ಎಂದು. ಕೇಳಿಸಿಕೊಂಡು ನೈಟ್ರಿಕ್ ಆಕ್ಸೈಡ್ ಎಂಬ ಒಂದು ಅನಿಲವನ್ನು ಹುಟ್ಟಿಸುತ್ತದೆ. ಅದು ಕೆಲವೇ ಸೆಕೆಂಡು ಬದುಕಿದ್ದು, ಹಿಂದಿರುವ ಸ್ನಾಯುವಿಗೆ ದಾಟಿ, ಸಡಿಲ ಬಿಡು ಎನ್ನುತ್ತದೆ. ಬಿಗಿಸುವ ವಸ್ತುವನ್ನೂ ಅದೇ ಪದರ ತಯಾರಿಸಬಲ್ಲದು. ಆರೋಗ್ಯವಾಗಿದ್ದಾಗ ಎರಡನ್ನೂ ತೂಗಿಸಿಕೊಂಡು ಹೋಗುತ್ತದೆ.

"ಆ ಪದರ ಇಲ್ದೇ ಹೋದ್ರೆ, ಸಡಿಲ ಬಿಡು ಅಂತ ನಾವು ಕೊಡೋ ಅಸಿಟೈಲ್‌ಕೋಲಿನ್ ಔಷಧ ನೇರವಾಗಿ ಸ್ನಾಯುಗೆ ತಾಗುತ್ತೆ. ಆಗ ಅದು ಸಡಿಲವಾಗಲ್ಲ, ಕೆಲವು ಸಲ ಇನ್ನೂ ಬಿಗಿಯುತ್ತೆ" ಎಂದು ಅವರು ಪ್ರತಿ ವರ್ಷವೂ ಹೇಳುತ್ತಿದ್ದರು. ನಾನು ಪ್ರತಿ ವರ್ಷವೂ ಕೇಳಿ ತಲೆಯಾಡಿಸುತ್ತಿದ್ದೆ. ತಲೆಯಾಡಿಸುವುದು ಬೇರೆ, ತಲೆಗೆ ಹೋಗುವುದು ಬೇರೆ ಎಂದು ತಿಳಿಯಲು ನನಗೆ ನಾಗವೇಣಿ ಬರಬೇಕಾಯಿತು.

ನಾಗವೇಣಿ ಮೊಳಕಾಲ್ಮುರಿನ ಹುಡುಗಿ, ಎಂ.ಫಾರ್ಮ. ವಿದ್ಯಾರ್ಥಿನಿ. ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಮನೆಯಲ್ಲಿ ಮಗ್ಗ, ಮಾತು ಅರ್ಧ ತೆಲುಗು. ಬೆಳಗ್ಗೆ ಮೊದಲ ಬಸ್ಸಿಗೆ ಹೊರಟು ಬಂದು, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಅವಳೂರ ಹತ್ತಿರದ ಸಿದ್ದಾಪುರದ ಗುಡ್ಡಗಳಲ್ಲಿ ಸಿಗುವ ಒಂದು ಸೊಪ್ಪನ್ನು ತಲೆ ಸುತ್ತುವವರಿಗೆ ಅವಳ ಅಜ್ಜಿ ಅರೆದು ಕೊಡುತ್ತಿದ್ದರಂತೆ. ಆ ಸೊಪ್ಪಿನ ಸಾರ ರಕ್ತನಾಳವನ್ನು ಸಡಿಲಿಸುತ್ತದೆಯೇ ಎಂದು ನೋಡುವುದು ಅವಳ ಪ್ರಬಂಧದ ವಿಷಯ. ಕೈಕೆಲಸದಲ್ಲಿ ಅವಳಷ್ಟು ಚೊಕ್ಕವಾದವರನ್ನು ನಾನು ನೋಡಿಲ್ಲ. ಕಾಲೇಜಿನ ದಾರ ನೀರು ಹೀರಿ ಉದ್ದವಾಗುತ್ತದೆ ಎಂದು ತಮ್ಮ ಮಗ್ಗದ ರೇಷ್ಮೆ ಹುರಿಯನ್ನು ತಂದು ನಾಳಕ್ಕೆ ಕಟ್ಟುತ್ತಿದ್ದಳು. "ಪಾಲಯ್ಯಣ್ಣ, ಸೀರೆ ಹರಿದ್ರೂ ಈ ದಾರ ಹರಿಯಲ್ಲ" ಎನ್ನುತ್ತಿದ್ದಳು.

ಅವಳಿಗೆ ಬೇಕಾದ ರಕ್ತನಾಳ ತರುವುದು ನನ್ನ ಕೆಲಸ. ಸಂತೆ ರಸ್ತೆಯ ಖಾದರ್ ಸಾಬರ ಮಾಂಸದಂಗಡಿಯಿಂದ, ಕುರಿಯ ಕರುಳಿಗೆ ಹೋಗುವ ದೊಡ್ಡ ಅಪಧಮನಿಯನ್ನು ತರಬೇಕು. ಐಸ್‌ಕ್ಯಾಂಡಿ ಅಂಗಡಿಯ ಮಂಜುಗಡ್ಡೆ ಸುತ್ತಿಟ್ಟ ಫ್ಲಾಸ್ಕಿನಲ್ಲಿ ಉಪ್ಪುನೀರು, ಅದರೊಳಗೆ ನಾಳ, ಸೈಕಲ್ಲಿನಲ್ಲಿ ಕಾಲೇಜು. ಮೊದಲ ವಾರ ನಾನು ತಂದ ನಾಳದೊಳಗೆ ರಕ್ತ ಹೆಪ್ಪುಗಟ್ಟಿತ್ತು. ಕೇಶವಮೂರ್ತಿ ಸರ್ ಅದನ್ನು ಚಿಮುಟಿಯಲ್ಲಿ ಎತ್ತಿ, "ಇದೇನು ಪಾಲಯ್ಯ, ಲ್ಯಾಬಿಗೆ ತಂದಿದ್ದೋ, ಬೆಕ್ಕಿಗೆ ತಂದಿದ್ದೋ?" ಎಂದರು. ಹುಡುಗಿಯ ಎದುರು ಹಾಗೆ ಅಂದದ್ದು ನನಗೆ ನಾಟಿತು.

ಖಾದರ್ ಸಾಬರ ಅಂಗಡಿಯ ಹಿಂಬದಿಯಲ್ಲಿ ಮಾರಕ್ಕ ಎಂಬಾಕೆ ಬೋಟಿ ತೊಳೆಯುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು. ಕರುಳನ್ನು ಒಂದು ಕಡ್ಡಿಗೆ ಏರಿಸಿ, ಒಳಹೊರಗು ಮಾಡಿ, ಕಾಲುಚೀಲ ತಿರುವಿದಷ್ಟು ಸಲೀಸಾಗಿ ತೊಳೆದುಬಿಡುವಳು. ಅವಳು ತೊಳೆದ ಬೋಟಿಗೆ ಊರಲ್ಲೇ ಹೆಸರಿತ್ತು. ಮಾರನೆಯ ದಿನವೇ ನಾನು ಅವಳಿಗೆ ಹೇಳಿದೆ: "ಮಾರಕ್ಕ, ಈ ನಾಳಾನೂ ಸ್ವಲ್ಪ ಕ್ಲೀನ್ ಮಾಡ್ಕೊಡು." ಅವಳು ನಕ್ಕು, "ಅದೇನ್ ಮಹಾ ಕೆಲ್ಸ, ಇಟ್ ಹೋಗು" ಎಂದಳು. ಅಂದಿನಿಂದ ನಾಳ ಫಳಫಳ ಬರತೊಡಗಿತು. ಸರ್ ಮೆಚ್ಚಿದರು. "ನೀನೇ ಕ್ಲೀನ್ ಮಾಡಿದ್ದಾ?" ಎಂದು ಕೇಳಿದಾಗ ನಾನು "ಹೂಂ ಸರ್" ಎಂದೆ. ಆ ಒಂದು 'ಹೂಂ' ಅನ್ನು ನಾನು ಎಂಟು ತಿಂಗಳು ಹೊತ್ತುಕೊಂಡು ತಿರುಗಿದೆ.

ನಾಳವನ್ನು ಹೇಗೆ ತರಬೇಕು ಎಂದು ಸರ್ ಇಂಗ್ಲಿಷಿನಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಅಂಟಿಸಿದವನು ನಾನೇ. ಮೊದಲ ಎರಡು ಸಾಲು ಓದಿ, ನನಗೆ ಗೊತ್ತಿರುವುದೇ ಎಂದು ಬಿಟ್ಟಿದ್ದೆ. ಮೂರನೆಯ ಸಾಲಿನಲ್ಲಿ, ಯಾವ ಕಾರಣಕ್ಕೂ ನಾಳದ ಒಳಮೈ ಮುಟ್ಟಕೂಡದು ಎಂದಿತ್ತು.

ನಾಗವೇಣಿಯ ಕೆಲಸ ವಿಚಿತ್ರವಾಗಿ ಸಾಗಿತು. ಅವಳು ನಾಳವನ್ನು ಉಂಗುರದಂತೆ ಕತ್ತರಿಸಿ ನೇತುಹಾಕಿ, ಮೊದಲು ಬಿಗಿಯುವ ಔಷಧ ಹಾಕುವಳು. ಗೆರೆ ಮೇಲೇರುವುದು. ಆಮೇಲೆ ಅಸಿಟೈಲ್‌ಕೋಲಿನ್. ಅದಕ್ಕೆ ನಾಳ ಸಡಿಲವಾದರೆ ಒಳಪದರ ಕ್ಷೇಮವಾಗಿದೆ ಎಂದರ್ಥ, ಆಗ ಸೊಪ್ಪಿನ ಸಾರ ಹಾಕಿ ನೋಡಬಹುದು. ಕೆಲವು ದಿನ ಗೆರೆ ಚೆಂದವಾಗಿ ಇಳಿಯುತ್ತಿತ್ತು, ಸೊಪ್ಪಿಗೂ ಇಳಿಯುತ್ತಿತ್ತು. ಬಹಳ ದಿನ ಎರಡಕ್ಕೂ ಇಳಿಯುತ್ತಲೇ ಇರಲಿಲ್ಲ. ಅವಳು ನೀರು ಬದಲಿಸಿದಳು, ಔಷಧ ಹೊಸದಾಗಿ ಕಲಸಿದಳು, ಉಷ್ಣತೆ ನೋಡಿದಳು. ಏನೂ ಹೊಳೆಯದೆ, ಬಂದದ್ದನ್ನು ಬಂದ ಹಾಗೆ ತಾರೀಖು ಹಾಕಿ ಬರೆಯುತ್ತಾ ಹೋದಳು.

ಪ್ರಬಂಧ ಒಪ್ಪಿಸಲು ತಿಂಗಳಿದ್ದಾಗ ಕೇಶವಮೂರ್ತಿ ಸರ್ ಅವಳ ಪುಸ್ತಕವನ್ನು ಕ್ಯಾಲೆಂಡರ್ ಪಕ್ಕ ಇಟ್ಟುಕೊಂಡು ಕೂತರು. ನಾನು ಅದೇ ಕೋಣೆಯಲ್ಲಿ ಬೀಕರ್ ಜೋಡಿಸುತ್ತಿದ್ದೆ.

"ನಾಗವೇಣಿ, ಗೆರೆ ಇಳಿದಿರೋದೆಲ್ಲ ಮಂಗಳವಾರ" ಎಂದರು.

ಅವಳು ಬಗ್ಗಿ ನೋಡಿದಳು. "ಹೌದು ಸರ್. ನಾನು ಗಮನಿಸಿರಲಿಲ್ಲ."

"ಮಂಗಳವಾರ ನಾನು ದಾವಣಗೆರೆಗೆ ಪಾಠಕ್ಕೆ ಹೋಗ್ತೀನಿ. ನಾನು ಇಲ್ಲಿರೋ ದಿನ ಒಂದು ಸಲಾನೂ ಇಳಿದಿಲ್ಲ. ಇದನ್ನ ನಾನು ಹೇಗೆ ಅರ್ಥ ಮಾಡ್ಕೋಬೇಕು?"

"ಸರ್, ನಾನು ಗೆರೆ ಎಳೆದಿಲ್ಲ. ಅದು ತಾನಾಗೇ ಇಳಿದಿದ್ದು."

"ನಾಳ ದಿನಾ ಅದೇ ಪಾಲಯ್ಯ ತೊಳೆದು ತರೋದು, ಅದರಲ್ಲಿ ವ್ಯತ್ಯಾಸ ಇಲ್ಲ. ಹೋದ ಸೋಮವಾರ ನಾನೇ ಎದುರು ಕೂತಿದ್ದೆ. ಇಳಿಯಲಿಲ್ಲ. ನಾನು ಇದಕ್ಕೆ ಸಹಿ ಹಾಕಲ್ಲಮ್ಮ" ಎಂದು ಪುಸ್ತಕ ಮುಚ್ಚಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ಅದೇ ನನಗೆ ಹೆದರಿಕೆ ತಂದದ್ದು. ಸಹಿ ಇಲ್ಲದೆ ಪದವಿ ಇಲ್ಲ. ಪದವಿ ಹೋದರೆ ಇನ್ನೊಂದು ವರ್ಷ ಓದಿ ತೆಗೆದುಕೊಳ್ಳಬಹುದಿತ್ತೇನೋ, ಸುಳ್ಳು ಬರೆದವಳು ಎಂಬ ಹೆಸರು ಬಂದರೆ ಯಾವ ಲ್ಯಾಬೂ ಅವಳನ್ನು ಒಳಗೆ ಬಿಡುತ್ತಿರಲಿಲ್ಲ.

ಅಂದು ಸಂಜೆ ಅವಳನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟುಬರಲು ಹೋದೆ. ಬಸ್ಸು ಹತ್ತುವಾಗ ಅವಳು, "ಪಾಲಯ್ಯಣ್ಣ, ನೀವು ಮಂಗಳವಾರ ಅಲ್ಲೇ ಇದ್ರಲ್ಲ. ಗೆರೆ ಇಳಿದಿದ್ದು ನೋಡಿದ್ರಲ್ಲ?" ಎಂದು ಕೇಳಿದಳು. ನೋಡಿದ್ದೆ. ಆದರೆ ಯಾಕೆ ಎಂದು ನನಗೂ ತಿಳಿಯದು.

ಮಾರನೆಯ ದಿನ ಮಂಗಳವಾರ. ಎಂದಿನಂತೆ ಫ್ಲಾಸ್ಕ್ ಹಿಡಿದು ಅಂಗಡಿಗೆ ಹೋದೆ. ಖಾದರ್ ಸಾಬರು ನಾಳವನ್ನು ಹಾಗೇ ಕೈಗಿಟ್ಟರು. ನಾನು ಅಭ್ಯಾಸಬಲದಿಂದ ಹಿಂಬದಿಗೆ ಕಾಲು ಹಾಕಿದೆ.

"ಅರೆ ಪಾಲಯ್ಯ, ಎಲ್ಲಿಗೆ? ಇವತ್ತು ಮಂಗಳವಾರ ಅಲ್ವಾ? ಮಾರಕ್ಕಂದು ವಾರ. ಮನೆದೇವ್ರು ದಿನ ಅವಳು ಮಾಂಸ ಮುಟ್ಟಲ್ಲ. ಹರ್ ಮಂಗಳವಾರ ನೀನೇ ತೊಳ್ಕೊಂಡು ಹೋಗ್ತೀಯಲ್ಲ, ಭೂಲ್ ಗಯಾ?" ಎಂದರು.

ನಾನು ಅಲ್ಲೇ ನಿಂತುಬಿಟ್ಟೆ. ಮಂಗಳವಾರ ನಾನು ತೊಳೆಯುತ್ತಿದ್ದುದು ಎಂದರೆ ಸೋಮಾರಿತನದಿಂದ ಸುಮ್ಮನೆ ಉಪ್ಪುನೀರು ಸುರಿದು ರಕ್ತ ಹೊರಗೆ ಬಿಡುವುದು, ಅಷ್ಟೇ. ಹಾಗಾದರೆ ಉಳಿದ ದಿನ ಮಾರಕ್ಕ ಏನು ಮಾಡುತ್ತಾಳೆ? ಎಂಟು ತಿಂಗಳಲ್ಲಿ ಒಂದು ಸಲವೂ ನಾನು ನಿಂತು ನೋಡಿರಲಿಲ್ಲ. ಆ ಹೊತ್ತಿಗೆ ಚಹಾ ಕುಡಿಯಲು ಹೋಗಿರುತ್ತಿದ್ದೆ.

ಬುಧವಾರ ನಿಂತು ನೋಡಿದೆ. ಮಾರಕ್ಕ ಪೊರಕೆಯಿಂದ ಒಂದು ಕಡ್ಡಿ ಮುರಿದು, ತುದಿಗೆ ಒಂದೆಳೆ ನೂಲು ಸುತ್ತಿ, ನಾಳದೊಳಗೆ ತೂರಿಸಿ, ಮೂರು ಸಲ ತಿರುವಿ ಎಳೆದಳು. ಆಮೇಲೆ ನೀರು ಬಿಟ್ಟು ಮತ್ತೆ ಮೂರು ಸಲ. "ಒಳಗೆ ಒಂಥರ ಜಿಗುಟು ಇರ್ತೈತೆ ಕಣಪ್ಪ, ಅದು ಹೋಗ್ಬೇಕು. ಇಲ್ಲಾಂದ್ರೆ ನಿಮ್ ಸಾಹೇಬ್ರು ಬೈತಾರಲ್ಲ" ಎಂದು ನಾಳವನ್ನು ನನ್ನ ಅಂಗೈಗೆ ಹಾಕಿದಳು.

ಆ ಜಿಗುಟೇ ಒಳಪದರ. ಸರ್ ಬೋರ್ಡಿನ ಮೇಲೆ ವರ್ಷಗಟ್ಟಲೆ ಇಟ್ಟ ಚುಕ್ಕೆಗಳನ್ನು ನಾನು ಮಾರಕ್ಕನ ಕೈಯಲ್ಲಿ ಪ್ರತಿದಿನ ಒರೆಸಿಸುತ್ತಿದ್ದೆ. ಹಿಂದೆ ತೋಳಿನಿಂದ ಮಸಿ ಸವರಿದವನು ಈಗ ಒಂದು ಹುಡುಗಿಯ ಇಡೀ ಎರಡು ವರ್ಷವನ್ನು ಸವರಿದ್ದೆ.

ಮಕ್ಕಳೇ, ಸುಳ್ಳು ಹೇಳುವುದಿಲ್ಲ, ನಾನು ತಕ್ಷಣ ಓಡಿಹೋಗಿ ತಪ್ಪೊಪ್ಪಿಕೊಳ್ಳಲಿಲ್ಲ. ಸೈಕಲ್ ತಳ್ಳಿಕೊಂಡು ಎಣ್ಣೆ ಮಿಲ್ಲಿನವರೆಗೆ ನಡೆದೆ. ಇನ್ನು ಮುಂದೆ ಮಾರಕ್ಕನ ಕೈಗೆ ಕೊಡದೆ ತಂದರೆ ಎಲ್ಲ ದಿನವೂ ಗೆರೆ ಇಳಿಯುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ ಎಂದು ಲೆಕ್ಕ ಹಾಕಿದೆ. ಆದರೆ ಹಿಂದಿನ ಪುಟಗಳು ಹಾಗೇ ಉಳಿಯುತ್ತವೆ. ಸರ್ ಅವನ್ನು ನಂಬುವುದಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಅವಳು ಕೇಳಿದ ಪ್ರಶ್ನೆ ನೆನಪಾಯಿತು. ಸೈಕಲ್ ಹತ್ತಿದೆ.

ಸರ್ ಎಲ್ಲವನ್ನೂ ಕೇಳಿಸಿಕೊಂಡರು. ಬೈಯಲಿಲ್ಲ. ನಂಬಲೂ ಇಲ್ಲ. "ಪಾಲಯ್ಯ, ನೀನು ಒಳ್ಳೆಯವನು. ಹುಡುಗಿ ಉಳೀಲಿ ಅಂತ ತಪ್ಪನ್ನ ತಲೆ ಮೇಲೆ ಎಳ್ಕೊಳ್ತಿದ್ದೀಯೇನೋ" ಎಂದರು.

"ಒಳ್ಳೆಯವನಾಗಿದ್ರೆ ಎಂಟು ತಿಂಗಳು ನಾನೇ ತೊಳ್ದೆ ಅಂತ ಸುಳ್ಳು ಹೇಳ್ತಿರ್ಲಿಲ್ಲ ಸರ್."

ಅವರು ನಾಗವೇಣಿಯ ಪುಸ್ತಕವನ್ನು ಮತ್ತೆ ತೆರೆದು ನೋಡಿದರು. ಆಮೇಲೆ, "ಹಾಗಾದ್ರೆ ಪರೀಕ್ಷೆ ಮಾಡೋಣ. ನಾಳ ನಾನೇ ತರ್ತೀನಿ. ನೀನು ಬಾಗಿಲು ದಾಟಬಾರದು. ಯಾವ ನಾಳ ಹೇಗೆ ತೊಳೆದದ್ದು ಅಂತ ಅವಳಿಗೂ ಗೊತ್ತಿರಬಾರದು" ಎಂದರು.

ಗುರುವಾರ ಬೆಳಗ್ಗೆ ಸಂತೆ ರಸ್ತೆ ಕಂಡ ದೃಶ್ಯವನ್ನು ಅಲ್ಲಿನವರು ಇವತ್ತಿಗೂ ಹೇಳುತ್ತಾರೆ. ಮೊಟ್ಟೆಯನ್ನೂ ಮುಟ್ಟದ ಕೇಶವಮೂರ್ತಿ ಸರ್, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮೂಗಿಗೆ ಕರವಸ್ತ್ರ ಹಿಡಿದು, ಖಾದರ್ ಸಾಬರ ಅಂಗಡಿಯ ಹಿಂಬದಿಯಲ್ಲಿ ಒಂದು ಸ್ಟೂಲಿನ ಮೇಲೆ ಕೂತಿದ್ದರು. ನಾನು ರಸ್ತೆಯಾಚೆ ನಿಂತಿದ್ದೆ. ಆರು ಕುರಿಗಳ ಆರು ನಾಳ. ಮೂರನ್ನು ಸರ್ ಹಾಗೇ ಉಪ್ಪುನೀರಿಗೆ ಬಿಟ್ಟರು. ಮೂರನ್ನು ಮಾರಕ್ಕನಿಗೆ ಕೊಟ್ಟು, "ದಿನಾ ಹೇಗೆ ಮಾಡ್ತೀಯಮ್ಮ, ಹಾಗೇ ಮಾಡು" ಎಂದರು.

ಮಾರಕ್ಕನಿಗೆ ಏನೋ ಎಡವಟ್ಟಾಗಿದೆ ಎಂದು ಗೊತ್ತಾಗಿತ್ತು. "ನಾನ್ ತೊಳ್ದಿದ್ದು ಗಲೀಜಾಗಿತ್ತಾ ಸ್ವಾಮಿ?" ಎಂದು ಕೇಳಿದಳು.

"ಇಲ್ಲಮ್ಮ. ನೀನು ಬಹಳ ಚೆನ್ನಾಗಿ ತೊಳೆದಿದ್ದೀಯ. ಅದೇ ತೊಂದರೆ ಆಗಿದೆ."

"ಚೆನ್ನಾಗಿ ತೊಳ್ದಿದ್ದು ತೊಂದ್ರೆ ಅಂತ ನಾನ್ ಹುಟ್ಟಿದ್ ಮ್ಯಾಲೆ ಇವತ್ತೇ ಕೇಳ್ತಿರೋದು" ಎಂದು ಅವಳು ಕಡ್ಡಿಗೆ ನೂಲು ಸುತ್ತಿದಳು. "ಮೂಗು ಬಿಡ್ರಿ ಸ್ವಾಮಿ, ಉಸ್ರು ಕಟ್ಟೀತು." ಸರ್ ಕರವಸ್ತ್ರ ತೆಗೆದು ಜೇಬಿಗಿಟ್ಟರು. ಯಾವ ಸೀಸೆಯಲ್ಲಿ ಯಾವುದು ಎಂದು ಒಂದು ಚೀಟಿಯಲ್ಲಿ ಬರೆದು ಅದನ್ನೂ ಅದೇ ಜೇಬಿಗೆ ಸೇರಿಸಿದರು.

ಆ ದಿನ ನಾನು ವರಾಂಡದ ಬೆಂಚಿನ ಮೇಲೆ ಕೂತಷ್ಟು ಹೊತ್ತು ನನ್ನ ಮಗಳ ಹೆರಿಗೆಯಲ್ಲೂ ಕೂತಿಲ್ಲ. ಮೊದಲ ಎರಡು ನಾಳ ಮುಗಿದು ಮೂರನೆಯದನ್ನು ಕಟ್ಟಿದಾಗ ಕರೆಂಟ್ ಹೋಯಿತು. ಚಳ್ಳಕೆರೆಯಲ್ಲಿ ಆಗ ಅದು ದಿನನಿತ್ಯದ ಮಾತು. ಡ್ರಮ್ ನಿಂತರೆ ನಿಲ್ಲಲಿ, ಆದರೆ ನೀರು ತಣ್ಣಗಾದರೆ, ಗಾಳಿಯ ಗುಳ್ಳೆ ನಿಂತರೆ ನಾಳ ಸಾಯುತ್ತದೆ. ಇಂಥ ಹೊತ್ತಿನಲ್ಲಿ ಫ್ಲಾಸ್ಕಿನ ಬಿಸಿನೀರು ಲೋಟ ಲೋಟವಾಗಿ ಸುರಿಯುವುದು, ಬಿ.ಪಿ. ನೋಡುವ ಯಂತ್ರದ ರಬ್ಬರ್ ಬಲ್ಬು ಒತ್ತಿ ಗಾಳಿ ಕೊಡುವುದು ನನ್ನ ಕೆಲಸ. ನಾನು ಬಾಗಿಲಿಗೆ ಬಂದೆ. ಒಳಗಿನಿಂದ ಸರ್, "ಅಲ್ಲೇ ನಿಲ್ಲು" ಎಂದರು.

"ಸರ್, ಬಲ್ಬು ಒತ್ತಬೇಕು. ಮೂರನೇ ಡ್ರಾಯರಿನಲ್ಲಿದೆ. ಜೋರಾಗಿ ಒತ್ತಬೇಡಿ, ಉಸಿರಾಡೋ ಹಾಗೆ ಒತ್ತಿ" ಎಂದು ಬಾಗಿಲಾಚೆಯಿಂದಲೇ ಹೇಳಿದೆ. ಬದುಕಿನಲ್ಲಿ ಅದೊಂದೇ ಸಲ ನಾನು ಅವರಿಗೆ ಪಾಠ ಹೇಳಿದ್ದು.

ಮುಕ್ಕಾಲು ಗಂಟೆ ಕರೆಂಟ್ ಇರಲಿಲ್ಲ. ಅಷ್ಟು ಹೊತ್ತೂ ಸರ್ ಒಂದು ಕೈಯಲ್ಲಿ ಬಲ್ಬು ಒತ್ತುತ್ತಾ, ಇನ್ನೊಂದರಲ್ಲಿ ಬಿಸಿನೀರು ಸುರಿಯುತ್ತಾ ನಿಂತೇ ಇದ್ದರು. ಸುಳ್ಳು ಎಂದು ತಾವೇ ಅಂದುಕೊಂಡಿದ್ದ ಫಲಿತಾಂಶವನ್ನು ಉಳಿಸಲು ಅವರು ಅಷ್ಟು ಕಷ್ಟಪಟ್ಟರು. ಅದನ್ನು ಬಾಗಿಲ ಸಂದಿಯಿಂದ ನೋಡಿದ್ದು ನನ್ನ ಪುಣ್ಯ. ಮೇಲಧಿಕಾರಿ ಎಂದರೆ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಆ ಮುಕ್ಕಾಲು ಗಂಟೆಯನ್ನೇ ಹೇಳುತ್ತೇನೆ.

ನಾಲ್ಕು ಗಂಟೆಯ ಹೊತ್ತಿಗೆ ಆರೂ ಮುಗಿದವು. ಸರ್ ನನ್ನನ್ನು ಒಳಗೆ ಕರೆದರು. ಡ್ರಮ್ಮುಗಳ ಮೇಲೆ ಆರು ಗೆರೆ. ಆರೂ ಬಿಗಿಯುವ ಔಷಧಕ್ಕೆ ಸಮಸಮವಾಗಿ ಮೇಲೇರಿದ್ದವು. ಆಮೇಲೆ ಅಸಿಟೈಲ್‌ಕೋಲಿನ್ನಿಗೆ ಒಂದು, ನಾಲ್ಕು, ಐದು ಇಳಿದಿದ್ದವು. ಎರಡು ಮತ್ತು ಆರು ಇದ್ದಲ್ಲೇ ನಿಂತಿದ್ದವು. ಮೂರು ಇನ್ನಷ್ಟು ಮೇಲಕ್ಕೆ ಹೋಗಿತ್ತು. ಸರ್ ಜೇಬಿನಿಂದ ಚೀಟಿ ತೆಗೆದು ಬಿಡಿಸಿ, ಓದದೆ ನಾಗವೇಣಿಯ ಕೈಗೆ ಕೊಟ್ಟರು. ಅವಳು ಓದಿದಳು: "ಮಾರಕ್ಕ ತೊಳೆದದ್ದು: ಎರಡು, ಮೂರು, ಆರು."

ಸರ್ ಅವಳ ಮುಖ ನೋಡಿ ಹೇಳಿದರು: "ನಾಗವೇಣಿ, ನಾನು ನಿನ್ನ ಬಗ್ಗೆ ತಪ್ಪು ತಿಳ್ಕೊಂಡೆ. ಎಂಟು ತಿಂಗಳು ಬಂದದ್ದನ್ನ ಬಂದ ಹಾಗೇ ಬರೆದಿದ್ದೀಯಲ್ಲ, ಅದಕ್ಕೇ ಇವತ್ತು ಇದು ಗೊತ್ತಾಯ್ತು. ಒಂದು ದಿನ ತಿದ್ದಿದ್ರೂ ಗೊತ್ತಾಗ್ತಿರಲಿಲ್ಲ." ಅವಳು ಅಳುತ್ತಾ ನಕ್ಕಳು. ನನಗೂ ಕಣ್ಣು ತುಂಬಿತು. ತೋಳಿನಿಂದ ಒರೆಸಿಕೊಂಡೆ, ಮುಖವೆಲ್ಲ ಮಸಿಯಾಯಿತು, ಅದನ್ನು ನೋಡಿ ಅವರಿಬ್ಬರೂ ನಕ್ಕರು.

ಆಮೇಲೆ ನನ್ನ ಸರದಿ. "ಈ ತಪ್ಪು ನಿನ್ನ ಹೆಸರಿನಲ್ಲೇ ಪ್ರಬಂಧದಲ್ಲಿ ಬರಬೇಕು ಪಾಲಯ್ಯ" ಎಂದರು ಸರ್. ನಾನು ತಲೆ ತಗ್ಗಿಸಿದೆ. ಆಗ ಅವರು ಒಂದು ಕಥೆ ಹೇಳಿದರು. ಈ ಒಳಪದರದ ಕೆಲಸವನ್ನು ಮೊದಲು ಕಂಡುಹಿಡಿದದ್ದು ಹೊರದೇಶದ ಒಬ್ಬ ವಿಜ್ಞಾನಿಯಂತೆ. ಅವರೂ ವರ್ಷಗಟ್ಟಲೆ ಮೊಲದ ನಾಳದ ಒಳಮೈಯನ್ನು ಗೊತ್ತಿಲ್ಲದೆ ಉಜ್ಜಿಹಾಕಿ, ಈ ಔಷಧ ನಾಳವನ್ನು ಬಿಗಿಯುತ್ತದೆ ಎಂದೇ ತಿಳಿದಿದ್ದರಂತೆ. ಒಂದು ದಿನ ಅವರ ಟೆಕ್ನಿಷಿಯನ್, ಹೇಳಿದ ಕ್ರಮ ತಪ್ಪಿಸಿ ಔಷಧ ಹಾಕಿಬಿಟ್ಟನಂತೆ. ಆ ತಪ್ಪಿನಿಂದ ನಾಳ ಸಡಿಲವಾದದ್ದು ಕಂಡು, ಯಾಕೆ ಎಂದು ಹುಡುಕಿದ್ದು ಕೊನೆಗೆ ನೊಬೆಲ್ ಬಹುಮಾನದವರೆಗೂ ಹೋಯಿತಂತೆ. "ಅಲ್ಲೂ ಟೆಕ್ನಿಷಿಯನ್ನೇ. ಆದ್ರೆ ನೀನು ಅದನ್ನ ಇಪ್ಪತ್ತೈದು ವರ್ಷ ತಡವಾಗಿ ಮಾಡಿದೆ" ಎಂದರು. ಅವರ ಬಾಯಲ್ಲಿ ತಮಾಷೆ ಬಂದದ್ದು ಅಪರೂಪ, ಹಾಗಾಗಿ ನಾನು ಅದನ್ನು ಬಹುಮಾನವೆಂದೇ ಇಟ್ಟುಕೊಂಡಿದ್ದೇನೆ.

ಹಾಳಾದ ದಿನಗಳೆಂದು ಬಿಟ್ಟಿದ್ದ ಪುಟಗಳೇ ಪ್ರಬಂಧದ ಬಲವಾದವು. ಪದರ ಇದ್ದಾಗ ಸೊಪ್ಪಿನ ಸಾರ ನಾಳವನ್ನು ಸಡಿಲಿಸುತ್ತದೆ, ಪದರ ಇಲ್ಲದಾಗ ಸಡಿಲಿಸುವುದಿಲ್ಲ. ಹಾಗಾದರೆ ಅದು ಕೆಲಸ ಮಾಡುವುದು ಒಳಪದರದ ಮೂಲಕವೇ. ಪಕ್ಕಾ ಮಾಡಿಕೊಳ್ಳಲು ಇನ್ನೂ ಮೂರು ವಾರ ನಾನು ಎರಡು ಫ್ಲಾಸ್ಕ್ ಒಯ್ಯುತ್ತಿದ್ದೆ. ಒಂದು ಹಾಗೇ, ಇನ್ನೊಂದು ಮಾರಕ್ಕನ ಕೈಗೆ. ಈ ಸಲ ನಾನು ಚಹಾಕ್ಕೆ ಹೋಗಲಿಲ್ಲ. ಪರೀಕ್ಷೆಗೆ ಬಂದ ಹೊರಗಿನವರು, ಸ್ನಾಯುವಿಗೆ ಏಟಾಗದಂತೆ ಪದರವನ್ನು ಇಷ್ಟು ಶುದ್ಧವಾಗಿ ತೆಗೆದದ್ದು ಯಾರು ಎಂದು ಕೇಳಿದಾಗ, ಕೇಶವಮೂರ್ತಿ ಸರ್ ಗಂಭೀರವಾಗಿ, "ನಮ್ಮಲ್ಲಿ ಒಬ್ಬರು ತಜ್ಞರಿದ್ದಾರೆ" ಎಂದರು.

ಮುಂದೆ ಕಾಲ ಬದಲಾಯಿತು. ಮಸಿ ಡ್ರಮ್ಮು ಹೋಗಿ ತಾನೇ ಗೆರೆ ಎಳೆಯುವ ಯಂತ್ರ ಬಂತು. ಆಮೇಲೆ ಪ್ರಾಣಿಗಳ ಬಳಕೆಗೆ ಕಟ್ಟುನಿಟ್ಟು ಬಂದು, ಮಕ್ಕಳು ಕಂಪ್ಯೂಟರಿನಲ್ಲೇ ಔಷಧ ಹಾಕಿ ಗೆರೆ ನೋಡತೊಡಗಿದರು. ಒಳ್ಳೆಯದೇ ಆಯಿತು, ಪಾಠಕ್ಕೆಂದು ಕೊಯ್ಯುತ್ತಿದ್ದ ಕಪ್ಪೆಗಳ ಶಾಪ ತಪ್ಪಿತು. ಆದರೆ ಕಂಪ್ಯೂಟರಿನಲ್ಲಿ ಗೆರೆ ದಿನವೂ ಸರಿಯಾಗಿ ಇಳಿಯುತ್ತದೆ. ಮಂಗಳವಾರವೂ ಇಳಿಯುತ್ತದೆ, ಬುಧವಾರವೂ ಇಳಿಯುತ್ತದೆ. ಹಾಗಾದರೆ ಯಾಕೆ ಇಳಿಯಲಿಲ್ಲ ಎಂದು ಕೇಳುವ ಅಭ್ಯಾಸ ಎಲ್ಲಿಂದ ಬರಬೇಕು? ಹೊಸ ಮಕ್ಕಳಿಗೆ ನಾನು ಹೇಳುವುದು ಇಷ್ಟೇ. ಸಾಮಾನು ನಿಮ್ಮ ಕೈಗೆ ಬರುವ ಮುಂಚೆ ಯಾರ್ಯಾರ ಕೈಯಲ್ಲಿತ್ತು ಎಂದು ಒಮ್ಮೆ ಹೋಗಿ ನೋಡಿ. ಗೋಡೆಗೆ ಅಂಟಿಸಿದ್ದನ್ನು ಪೂರ್ತಿ ಓದಿ. ನನಗೂ ಈಗ ಬಿ.ಪಿ. ಬಂದಿದೆ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಬಲ್ಬು ಒತ್ತುವಾಗ ನನಗೆ ಸರ್ ನೆನಪಾಗಿ ನಗು ಬರುತ್ತದೆ. ನನ್ನೊಳಗಿನ ಆ ಒಂದು ಸಾಲು ಜೀವಕೋಶಗಳಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಪ್ರಬಂಧ ರಟ್ಟು ಕಟ್ಟಿಸಿಕೊಂಡು ಬಂದ ದಿನ ನಾಗವೇಣಿ ಮೊದಲ ಪ್ರತಿಯನ್ನು ನನಗೆ ತೋರಿಸಿದಳು. ವಿಧಾನದ ಅಧ್ಯಾಯದಲ್ಲಿ ನನ್ನ ತಪ್ಪು ಹೆಸರು ಸಮೇತ ಇತ್ತು. ಈಗಲೂ ಲೈಬ್ರರಿಯಲ್ಲಿ ಅದನ್ನು ಓದಿದವರು, "ಅಣ್ಣಾ, ಆ ಪಾಲಯ್ಯ ನೀವೇನಾ?" ಎಂದು ಕೇಳುತ್ತಾರೆ. ಹೌದು, ನಾನೇ. ಆದರೆ ಅಂದು ನಾಗವೇಣಿ ನನಗೆ ತೋರಿಸಲು ಆತುರಪಟ್ಟದ್ದು ಅದನ್ನಲ್ಲ, ಕೃತಜ್ಞತೆಯ ಪುಟವನ್ನು. ಇಡೀ ಪುಸ್ತಕ ಇಂಗ್ಲಿಷಿನಲ್ಲಿದ್ದರೂ ಅದೊಂದು ಪುಟವನ್ನು ಅವಳು ಕನ್ನಡದಲ್ಲೇ ಅಚ್ಚು ಹಾಕಿಸಿದ್ದಳು. ನಾವಿಬ್ಬರೂ ಸಂತೆ ರಸ್ತೆಗೆ ಹೋದೆವು.

ಮಾರಕ್ಕ ಬೋಟಿ ತೊಳೆಯುತ್ತಿದ್ದಳು. ನಾಗವೇಣಿ ಪುಸ್ತಕ ತೆರೆದು ಓದಿದಳು: "ರಕ್ತನಾಳದ ಒಳಪದರವನ್ನು ನುರಿತ ಕೈಯಿಂದ ಬಿಡಿಸಿಕೊಟ್ಟ ಶ್ರೀಮತಿ ಮಾರಕ್ಕ ಅವರಿಗೆ ನಾನು ಋಣಿ."

"ನನ್ ಹೆಸ್ರಾ? ಎಲ್ಲೈತೆ ತೋರ್ಸವ್ವ" ಎಂದಳು ಮಾರಕ್ಕ. ನಾಗವೇಣಿ ಬೆರಳಿಟ್ಟು ತೋರಿಸಿದಳು. ಮಾರಕ್ಕ ಕೈ ತೊಳೆದು, ಸೆರಗಿಗೆ ಒರೆಸಿ, ಮತ್ತೊಮ್ಮೆ ಒರೆಸಿ, ಬೆರಳನ್ನು ಹೆಸರಿನ ಹತ್ತಿರ ತಂದು ತಡೆದುಕೊಂಡಳು.

"ಮುಟ್ಟಿದ್ರೆ ಅಳ್ಸೋಗಲ್ವಾ ಪಾಲಯ್ಯ?"

"ಇಲ್ಲಕ್ಕ. ಇದು ಹೋಗಲ್ಲ" ಎಂದೆ.

ಅವಳು ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಅಷ್ಟು ಮೆತ್ತಗೆ ಅವಳು ಏನನ್ನಾದರೂ ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.